ಅದುರಿಗೆ ರಬ್ಬರು, ಅದು ಸಾಲದ ಕಡೆ ಹರಳು

ರಬ್ಬರ್ ಶೀಟು ಅಂಗಡಿಗೆ ಕೊಟ್ಟು ದುಡ್ಡು ಎಣಿಸಿಕೊಂಡರೆ ಬೆಳೆಗಾರನ ಮಟ್ಟಿಗೆ ಅದರ ಕಥೆ ಮುಗಿಯಿತು. ಹೆಚ್ಚಿನದು ಟಯರಿಗೆ ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತು. ಉಳಿದದ್ದರಲ್ಲಿ ಒಂದು ಚೂರು ಯಂತ್ರಗಳ ಕಾಲಡಿಗೆ ಹೋಗಿ ಅವುಗಳ ಅದುರನ್ನು ನುಂಗುತ್ತಾ ಕೂರುತ್ತದೆ. ಪಂಪಿನ ಅಡಿ, ಜನರೇಟರಿನ ಅಡಿ, ಜೀಪಿನ ಎಂಜಿನ್ನಿನ ಅಡಿ, ವೀಡ್ ಕಟ್ಟರಿನ ಹಿಡಿಯ ಬುಡ. ಈ ಕೆಲಸವನ್ನು ರಬ್ಬರು ಹೇಗೆ ಮಾಡುತ್ತದೆ, ಎಲ್ಲಿ ಅದರ ಕೈಯಲ್ಲಿ ಆಗುವುದಿಲ್ಲ, ಆಗದ ಕಡೆ ಏನು ಮಾಡುತ್ತಾರೆ ಎಂದು ತಿಳಿದರೆ ನಮ್ಮ ಪಂಪು ಶೆಡ್ಡಿನಲ್ಲೇ ಉಪಯೋಗ ಉಂಟು. ರಬ್ಬರ್ ಬೆಳೆಯದವರಿಗೂ.

ನನಗಿದು ತಿಳಿದದ್ದು ಸುಳ್ಯದಲ್ಲಲ್ಲ, ಬೆಂಗಳೂರಿನ ಜೆ.ಪಿ. ನಗರದಲ್ಲಿ. ಮಗನ ಮನೆಯಲ್ಲಿ ಮೂರು ತಿಂಗಳು ಇರಬೇಕಾಗಿ ಬಂದಿತ್ತು. ನಾಲ್ಕು ಅಂತಸ್ತಿನ ಕಟ್ಟಡ, ಎಂಟು ಮನೆ. ನಲ್ಲಿಯಲ್ಲಿ ನೀರು ಜೋರಾಗಿ ಬರಲಿ ಅಂತ ತಾರಸಿಯ ಟ್ಯಾಂಕಿನ ಪಕ್ಕ ಒಂದು ಪ್ರೆಶರ್ ಪಂಪು ಇಟ್ಟಿದ್ದಾರೆ. ಯಾವ ಮನೆಯವರು ನಲ್ಲಿ ತಿರುಗಿಸಿದರೂ ಅದು ತಾನಾಗಿ ಚಾಲೂ. ತಾರಸಿಯಲ್ಲಿ ನಿಂತರೆ ಹೇಳುವಂಥ ಶಬ್ದವಿಲ್ಲ. ಆದರೆ ಅದರ ನೇರ ಕೆಳಗಿನ ಕೋಣೆಯಲ್ಲಿ ಮೇಲಿನ ಸ್ಲ್ಯಾಬು ಗುಂಯ್ ಎನ್ನುತ್ತಿತ್ತು. ಆ ಕೋಣೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಒಬ್ಬರು ಮಲಗುತ್ತಿದ್ದರು. ರಾತ್ರಿ ಹನ್ನೆರಡಕ್ಕೆ ಒಬ್ಬರು ಕೆಲಸದಿಂದ ಬಂದು ಸ್ನಾನ ಮಾಡುವುದು, ನಾಲ್ಕಕ್ಕೆ ಇನ್ನೊಬ್ಬರು ಏಳುವುದು. ಅಜ್ಜಿಗೆ ನಿದ್ದೆಯೇ ಇಲ್ಲ. ಮನೆ ಖಾಲಿ ಮಾಡುವ ಮಾತಿಗೆ ಬಂದಿತ್ತು.

ಕಟ್ಟಡದವರು ಸುಮ್ಮನೆ ಕೂತಿರಲಿಲ್ಲ. ಪಂಪಿನಡಿಗೆ ಅರ್ಧ ಇಂಚು ದಪ್ಪದ ರಬ್ಬರ್ ಶೀಟು ಹಾಸಿ ನಾಲ್ಕು ಬೋಲ್ಟು ಬಿಗಿದಿದ್ದರು. ಏನೂ ವ್ಯತ್ಯಾಸ ಆಗಲಿಲ್ಲ. ಪಂಪೇ ಬದಲಾಯಿಸಿ ಅಂತ ಪ್ಲಂಬರ್ ಹೇಳಿ ಹೋದ. ಕೆಳಗಿನ ಮನೆಯಲ್ಲಿ ಒಬ್ಬರು ನಿವೃತ್ತ ಎಂಜಿನಿಯರ್ ಇದ್ದಾರೆ, ನಾವೆಲ್ಲ ರಾಯರು ಎಂದೇ ಕರೆಯುವುದು. ಕೆಲಸದಲ್ಲಿದ್ದಾಗ ಸೂಕ್ಷ್ಮ ಯಂತ್ರಗಳನ್ನು ಅಲುಗಾಡದ ಹಾಗೆ ಕೂರಿಸುವುದೇ ಅವರ ಉದ್ಯೋಗ. ನಾನು ರಬ್ಬರ್ ಬೆಳೆಗಾರ ಅಂತ ತಿಳಿದಾಗ ಅವರೇ ತಾರಸಿಗೆ ಕರೆದುಕೊಂಡು ಹೋಗಿ, "ನೋಡಿ ಸ್ವಾಮಿ, ನಿಮ್ಮ ರಬ್ಬರನ್ನು ಹೇಗೆ ಕಟ್ಟಿಹಾಕಿದ್ದಾರೆ" ಅಂದರು.

ರಬ್ಬರು ಕುಗ್ಗುವುದಿಲ್ಲ, ಉಬ್ಬುತ್ತದೆ

ಇದು ಮೊದಲು ತಿಳಿಯಬೇಕಾದ ಗುಟ್ಟು. ರಬ್ಬರನ್ನು ಒತ್ತಿದರೆ ಅದರ ಗಾತ್ರ ಕಡಿಮೆ ಆಗುವುದಿಲ್ಲ. ಚಪಾತಿ ಹಿಟ್ಟಿನ ಉಂಡೆ ಒತ್ತಿದ ಹಾಗೆ, ಮೇಲಿಂದ ತಗ್ಗಿದಷ್ಟು ಬದಿಗೆ ಉಬ್ಬುತ್ತದೆ. ಬದಿಗೆ ಜಾಗ ಇದ್ದರೆ ಮಾತ್ರ ಅದು ಮೆತ್ತಗೆ. ಅಗಲವಾದ ಶೀಟಿನ ನಡುಭಾಗಕ್ಕೆ ಎತ್ತ ಉಬ್ಬಲೂ ದಾರಿ ಇಲ್ಲ. ಅದರ ಮೇಲೆ ಪಂಪು ಕೂರಿಸಿದರೆ ಹೆಚ್ಚು ಕಡಿಮೆ ಮರದ ಹಲಗೆಯ ಮೇಲೆ ಕೂರಿಸಿದ ಹಾಗೆ. ಅದೇ ಶೀಟನ್ನು ಕತ್ತರಿಸಿ, ಪಂಪಿನ ನಾಲ್ಕು ಮೂಲೆಗೆ ಸಣ್ಣ ಸಣ್ಣ ತುಂಡು ಇಟ್ಟರೆ ಎಷ್ಟೋ ಮೆತ್ತಗಾಗುತ್ತದೆ. ದನದ ಹಟ್ಟಿಗೆ ಹಾಸುವ ರಬ್ಬರ್ ಮ್ಯಾಟಿನ ಅಡಿಗೆ ಗುಬಟು ಗುಬಟು ಇರುತ್ತದಲ್ಲ, ಅದೂ ಇದೇ ಕಾರಣಕ್ಕೆ.

ಎರಡನೆಯದು ಬೋಲ್ಟು. ಪಂಪಿನ ಕಾಲಿನಿಂದ ಶೀಟು ತೂರಿ ಸ್ಲ್ಯಾಬಿಗೆ ಇಳಿದ ಕಬ್ಬಿಣದ ಬೋಲ್ಟು ಅದುರಿಗೆ ಒಳ್ಳೆಯ ರಾಜಮಾರ್ಗ. ರಬ್ಬರಿನ ಮೇಲೆ ಹೋಗುವ ಕಷ್ಟ ಅದಕ್ಕೇಕೆ? ಬಿಗಿದಷ್ಟೂ ಕೇಡು. ಮೂರನೆಯದು ಪೈಪು. ಪಂಪಿನ ಬಾಯಿಗೇ ಜಿ.ಐ. ಪೈಪು ಸಿಕ್ಕಿಸಿ, ಒಂದಡಿ ದೂರದಲ್ಲಿ ಗೋಡೆಗೆ ಕ್ಲ್ಯಾಂಪು ಹೊಡೆದಿದ್ದರು. ಪಂಪಿನಡಿ ಹತ್ತಿಯ ಹಾಸಿಗೆ ಹಾಕಿದರೂ ಅದುರು ಆ ದಾರಿಯಲ್ಲಿ ಮನೆಯೊಳಗೆ ಇಳಿಯುತ್ತಿತ್ತು.

ಹಾಗಾಗಿ ಮಾಡಿದ್ದು ಇಷ್ಟು. ಎರಡಡಿ ಉದ್ದಗಲದ, ಎರಡಿಂಚು ದಪ್ಪದ ಕಲ್ಲು ಚಪ್ಪಡಿ ತಂದು ಪಂಪನ್ನು ಅದಕ್ಕೆ ಬಿಗಿದರು. ಎಸ್.ಜೆ.ಪಿ. ರಸ್ತೆಯಿಂದ ತಂದ ನಾಲ್ಕು ರಬ್ಬರ್ ಮೌಂಟುಗಳ ಮೇಲೆ ಚಪ್ಪಡಿ. ಈ ಮೌಂಟು ಎಂದರೆ ನಡುವೆ ರಬ್ಬರಿನ ಗುಂಡು, ಎರಡು ತಲೆಗೂ ಬೇರೆ ಬೇರೆ ಬೋಲ್ಟು. ಒಂದು ಬೋಲ್ಟು ಇನ್ನೊಂದನ್ನು ಮುಟ್ಟುವುದಿಲ್ಲ. ಪಂಪಿನ ಎರಡೂ ಬಾಯಿಗೆ ಒಂದೊಂದೂವರೆ ಅಡಿ ಹೋಸು, ಕ್ಲ್ಯಾಂಪುಗಳಿಗೆ ಹಳೆ ಟ್ಯೂಬಿನ ಪಟ್ಟಿ. ಅಂದು ರಾತ್ರಿ ಅಜ್ಜಿ ಪಂಪು ಕೆಟ್ಟಿದೆಯಾ ಅಂತ ಕೇಳಿದರಂತೆ.

ಚಪ್ಪಡಿ ಯಾಕೆ ಎಂದರೆ ಭಾರಕ್ಕೆ. ಇಷ್ಟುದ್ದದ ಚಪ್ಪಡಿ ಐವತ್ತು ಕಿಲೊದ ಹತ್ತಿರ ಬರುತ್ತದೆ. ಹಗುರ ಪಂಪಿನಡಿ ರಬ್ಬರು ತಗ್ಗುವುದೇ ಇಲ್ಲ. ತಗ್ಗದ ರಬ್ಬರು ಕೆಲಸ ಮಾಡುವುದಿಲ್ಲ.

ಎಷ್ಟು ತಗ್ಗಬೇಕು? ಒಂದು ಸಣ್ಣ ಲೆಕ್ಕ

ರಬ್ಬರಿನ ಮೇಲೆ ಕೂತ ಯಂತ್ರಕ್ಕೆ ತನ್ನದೇ ಒಂದು ತೂಗು ಇರುತ್ತದೆ, ಉಯ್ಯಾಲೆಗೆ ಇದ್ದ ಹಾಗೆ. ಒಮ್ಮೆ ಒತ್ತಿ ಬಿಟ್ಟರೆ ಸೆಕೆಂಡಿಗೆ ಇಷ್ಟು ಸಲ ಅಂತ ತೂಗುತ್ತದೆ. ಆ 'ಇಷ್ಟು' ಎಷ್ಟು ಎಂದು ತಿಳಿಯಲು ಯಾವ ಮೀಟರೂ ಬೇಡ. ಭಾರ ಇಡುವ ಮೊದಲು ರಬ್ಬರಿನ ಎತ್ತರ ಅಳೆಯಿರಿ, ಇಟ್ಟ ಮೇಲೆ ಅಳೆಯಿರಿ. ಎಷ್ಟು ಮಿಲ್ಲಿಮೀಟರ್ ತಗ್ಗಿತೋ ಅದರ ವರ್ಗಮೂಲದಿಂದ 16ನ್ನು ಭಾಗಿಸಿ. 1 ಮಿಲ್ಲಿ ತಗ್ಗಿದರೆ ಸೆಕೆಂಡಿಗೆ 16 ಸಲ, 4 ಮಿಲ್ಲಿ ತಗ್ಗಿದರೆ 8 ಸಲ, 2 ಮಿಲ್ಲಿಗೆ 11ರ ಹತ್ತಿರ.

ಇನ್ನು ಯಂತ್ರ ತಿರುಗುವ ವೇಗ. 2880 ಆರ್‌ಪಿಎಂ ಮೋಟರು ಅಂದರೆ ಸೆಕೆಂಡಿಗೆ 48 ಸುತ್ತು, 1440 ಅಂದರೆ 24. ಯಂತ್ರದ ಈ ವೇಗ ರಬ್ಬರಿನ ತೂಗಿಗಿಂತ ಮೂರು ಪಾಲು ಇದ್ದರೆ ಕೆಳಗೆ ಇಳಿಯುವ ಅದುರು ಎಂಟರಲ್ಲಿ ಒಂದು ಪಾಲು ಮಾತ್ರ. ಎರಡು ಪಾಲು ಇದ್ದರೆ ಮೂರರಲ್ಲಿ ಒಂದು. ಒಂದೂವರೆ ಪಾಲಿಗಿಂತ ಕಡಿಮೆ ಆದರೆ ರಬ್ಬರಿನಿಂದ ಲಾಭವೇ ಇಲ್ಲ. ಎರಡೂ ಸಮ ಆದರೆ? ಆಗ ರಬ್ಬರು ಅದುರನ್ನು ತಡೆಯುವುದಿಲ್ಲ, ಹೆಚ್ಚಿಸುತ್ತದೆ! ಉಯ್ಯಾಲೆ ಹಿಂದೆ ಬಂದಾಗಲೆಲ್ಲ ಹದವಾಗಿ ನೂಕಿದರೆ ಅದು ಏರುತ್ತಾ ಹೋಗುವುದಿಲ್ಲವೇ, ಹಾಗೆ. 1440ರ ಮೋಟರಿನಡಿ ಬರೀ ಅರ್ಧ ಮಿಲ್ಲಿ ತಗ್ಗುವ ಗಟ್ಟಿ ರಬ್ಬರು ಹಾಕಿದರೆ ಲೆಕ್ಕ 22-23ಕ್ಕೆ ಬರುತ್ತದೆ, ಮೋಟರು 24. ಅಂಥ ಕಡೆ ರಬ್ಬರು ಇಲ್ಲದಿದ್ದರೇ ವಾಸಿ.

ಆದ್ದರಿಂದ 2880ರ ಮೊನೊಬ್ಲಾಕಿಗೆ 1 ಮಿಲ್ಲಿಯಾದರೂ ತಗ್ಗಬೇಕು, 1440ಕ್ಕೆ 4 ಮಿಲ್ಲಿ. ರಬ್ಬರು ಸುಮ್ಮನೆ ಭಾರ ಹೊತ್ತಾಗ ಇರುವುದಕ್ಕಿಂತ ಅದುರುವಾಗ ಸ್ವಲ್ಪ ಗಟ್ಟಿಯಾಗಿ ವರ್ತಿಸುತ್ತದೆ. ಹಾಗಾಗಿ ಈ ಲೆಕ್ಕಕ್ಕಿಂತ ಕಾಲು ಪಾಲು, ಅರ್ಧ ಪಾಲು ಜಾಸ್ತಿ ಹಿಡಿಯುವುದು ಒಳ್ಳೆಯದು. ಜೆ.ಪಿ. ನಗರದ ಪಂಪು 2880ರದ್ದು. ತಾರಸಿಯ ಸ್ಲ್ಯಾಬು ನೆಲದಷ್ಟು ಗಟ್ಟಿಯಲ್ಲ ಎಂದು ರಾಯರು 2 ಮಿಲ್ಲಿ ತಗ್ಗುವ ಹಾಗೆ ನೋಡಿಕೊಂಡರು.

ಡೀಸೆಲ್ ಎಂಜಿನ್ನಿನ ಕಥೆ ಬೇರೆ. ಒಂದೇ ಸಿಲಿಂಡರಿನ ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೆ ಒಮ್ಮೆ ಸಿಡಿಯುತ್ತದೆ. 1500 ಆರ್‌ಪಿಎಂ ಆದರೂ ಸಿಡಿತ ಸೆಕೆಂಡಿಗೆ ಹನ್ನೆರಡೂವರೆ ಮಾತ್ರ. ಹಿಂದಿನ ಕಾಲದ ಲಿಸ್ಟರ್ ಮಾದರಿಯ ಎಂಜಿನ್ನುಗಳು 650 ಆರ್‌ಪಿಎಂನವು, ಸೆಕೆಂಡಿಗೆ ಐದೂವರೆ ಸಿಡಿತ. ಅದರ ಅರ್ಧಕ್ಕೆ ರಬ್ಬರಿನ ತೂಗು ಇಳಿಸಬೇಕೆಂದರೂ ರಬ್ಬರು 34 ಮಿಲ್ಲಿ ತಗ್ಗಬೇಕು. ಎಂಜಿನ್ ಕುಣಿದು ಶೆಡ್ಡಿನಿಂದ ಹೊರಗೆ ಬಂದೀತು. ನಮ್ಮ ಹಿರಿಯರು ಅಂಥ ಎಂಜಿನ್ನಿಗೆ ಆಳೆತ್ತರದ ಗುಂಡಿ ತೋಡಿ ಕಲ್ಲು, ಕಾಂಕ್ರೀಟು ತುಂಬಿಸಿ ಕೂರಿಸುತ್ತಿದ್ದದ್ದು ಸರಿಯಾದ ಎಂಜಿನಿಯರಿಂಗೇ. ನಿಧಾನ ಅದುರಿಗೆ ಭಾರವೇ ಮದ್ದು.

ಭಾರವನ್ನೂ ಹೇರಲಾಗದ, ರಬ್ಬರೂ ಸಾಲದ ಜಾಗ

ಒಂದು ಸಂಜೆ ರಾಯರ ಜತೆ ಜಯನಗರದ ಕಡೆ ನಡೆದು ಹೋದೆ. 2017ರ ಜೂನ್‌ನಿಂದ ಮೆಟ್ರೊದ ಹಸಿರು ಮಾರ್ಗ ಜಯನಗರ, ಬನಶಂಕರಿ, ಜೆ.ಪಿ. ನಗರದಲ್ಲಿ ಕಂಬಗಳ ಮೇಲೆ ಓಡುತ್ತಿದೆ. 2025ರ ಆಗಸ್ಟ್‌ನಿಂದ ಆರ್.ವಿ. ರಸ್ತೆಯಿಂದ ಬಿ.ಟಿ.ಎಂ. ಲೇಔಟ್ ದಾಟಿ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗವೂ ಬಂತು. ಇಂಥ ಸೇತುವೆಗಳಲ್ಲಿ ಕಂಬದ ತಲೆಗೂ ಮೇಲಿನ ತೊಲೆಗೂ ನಡುವೆ ರಬ್ಬರ್ ದಿಂಬು ಇಡುವ ಪದ್ಧತಿ ಉಂಟು. ರಬ್ಬರು ಬದಿಗೆ ವಿಪರೀತ ಉಬ್ಬದಿರಲೆಂದು ನಡುನಡುವೆ ಉಕ್ಕಿನ ತಗಡು ಸೇರಿಸಿ ಅಂಟಿಸಿದ್ದು. ಬಿಸಿಲಿಗೆ ತೊಲೆ ಹಿಗ್ಗಿ ಕುಗ್ಗುವಾಗ ಜಾರಲು ಅದು. ಹಳಿಯ ಅಡಿಗೆ ಬೇರೆ ರಬ್ಬರ್ ಪಟ್ಟಿ, ಅದು ಅದುರಿಗೆ. ಇದರಲ್ಲಿ ಸಹಜ ರಬ್ಬರೂ ಬಳಕೆಯಾಗುತ್ತದೆ, ಕೃತಕ ರಬ್ಬರೂ.

ಇಷ್ಟಿದ್ದರೂ ಪೇಟೆಯ ನೆಲ ಸುಮ್ಮನಿರುವುದಿಲ್ಲ. ಬಸ್ಸು ಹಂಪಿನ ಮೇಲೆ ಹಾರಿದರೆ, ಪಕ್ಕದ ಸೈಟಿನಲ್ಲಿ ಕಲ್ಲು ಒಡೆದರೆ, ಮಹಡಿಯಲ್ಲಿ ಜನ ನಡೆದರೆ ನೆಲ ನಡುಗುತ್ತದೆ. ನಮ್ಮ ಕಾಲಿಗೆ ಗೊತ್ತಾಗುವುದಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಗೊತ್ತಾಗುತ್ತದೆ. ಅದು ನೋಡುವುದು ಮಿಲ್ಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲಿನ ಲೆಕ್ಕದಲ್ಲಿ. ಇದು ನಮಗೆ ಸಂಬಂಧವಿಲ್ಲದ ವಿಷಯ ಅಂದುಕೊಳ್ಳಬೇಡಿ. ನಮ್ಮ ಸಂಪಾಜೆ, ಅರಂತೋಡು ಕಡೆ ತೋಟಗಳನ್ನೇ ನುಂಗಿದ ಅಡಿಕೆಯ ಹಳದಿ ಎಲೆ ರೋಗದಲ್ಲಿ ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಇರುವುದು ಕಣ್ಣಿಗೆ ಬಿದ್ದದ್ದು ಇಂಥ ಸೂಕ್ಷ್ಮದರ್ಶಕದಿಂದಲೇ. ಚಿತ್ರ ಅಲುಗಿದರೆ ರೋಗಾಣುವೂ ಇಲ್ಲ, ಏನೂ ಇಲ್ಲ.

ಮನುಷ್ಯ ನಡೆಯುವುದು ಸೆಕೆಂಡಿಗೆ ಎರಡು ಹೆಜ್ಜೆ. ಆ ನಡುಕವನ್ನು ರಬ್ಬರಿನಿಂದ ತಡೆಯಬೇಕಾದರೆ ಅದರ ತೂಗು ಸೆಕೆಂಡಿಗೆ ಒಂದಕ್ಕೆ ಬರಬೇಕು. ಮೇಲಿನ ಲೆಕ್ಕವನ್ನೇ ಹಾಕಿ: 250 ಮಿಲ್ಲಿ, ಅಂದರೆ ಹತ್ತು ಇಂಚು ತಗ್ಗಬೇಕು. ಯಾವ ರಬ್ಬರಿನಿಂದಲೂ ಆಗದ ಮಾತು. ಗಾಳಿ ತುಂಬಿದ ದಿಂಬಿನ ಮೇಲೆ ಇಡುತ್ತಾರೆ, ಅದೂ ಒಂದು ಮಟ್ಟದವರೆಗೆ. ಅದರಾಚೆಗೆ ಬರುವುದು ಹರಳು.

ಅಡುಗೆ ಮನೆಯ ಗ್ಯಾಸ್ ಲೈಟರ್ ನೋಡಿದ್ದೀರಲ್ಲ, ಬ್ಯಾಟರಿ ಇಲ್ಲ, ಟಕ್ ಅಂದರೆ ಕಿಡಿ. ಅದರೊಳಗೆ ಬೆರಳ ತುದಿಯಷ್ಟು ಹರಳಿನಂಥ ವಸ್ತು, ಅದಕ್ಕೊಂದು ಸ್ಪ್ರಿಂಗ್ ಸುತ್ತಿಗೆ. ಪೆಟ್ಟು ಬಿದ್ದಾಗ ಹರಳು ತುಸು ಒತ್ತಿ ವಿದ್ಯುತ್ ಹೊರಡಿಸುತ್ತದೆ. ಇದನ್ನು ಫ್ರಾನ್ಸಿನ ಕ್ಯೂರಿ ಅಣ್ಣತಮ್ಮಂದಿರು, ಝಾಕ್ ಮತ್ತು ಪಿಯರ್, 1880ರಲ್ಲಿ ಕಂಡುಹಿಡಿದದ್ದು. ಮರುವರ್ಷ ಇದರ ತಿರುವು ಮುರುವೂ ನಿಜವೆಂದು ತೋರಿಸಿದರು: ಹರಳಿಗೆ ವಿದ್ಯುತ್ ಕೊಟ್ಟರೆ ಅದು ಉದ್ದ ಆಗುತ್ತದೆ. ಪೀಝೊ ಎಂದು ಇದಕ್ಕೆ ಹೆಸರು. ಈಗ ಬಳಸುವುದು ಸೀಸ, ಝಿರ್ಕೋನಿಯಂ, ಟೈಟಾನಿಯಂ ಸೇರಿದ ಪಿಂಗಾಣಿಯಂಥ ವಸ್ತು, ಪಿ.ಝಡ್.ಟಿ. ಅನ್ನುತ್ತಾರೆ. ತೆಳ್ಳಗಿನ ಬಿಲ್ಲೆಗಳನ್ನು ನೀರುದೋಸೆಯ ಹಾಗೆ ಒಂದರ ಮೇಲೊಂದು ಪೇರಿಸಿ ಗಟ್ಟಿ ಮಾಡುತ್ತಾರೆ. ಬೆಂಗಳೂರಿನ ಎನ್.ಎ.ಎಲ್. ಪ್ರಯೋಗಾಲಯದಲ್ಲಿ ಈ ಪುಡಿಯನ್ನೂ ಪದರದ ಗಟ್ಟಿಯನ್ನೂ ತಯಾರಿಸುವ ವಿಧಾನ ರೂಪಿಸಿದ್ದಾರೆ.

ಒಂದಿಂಚು ಎತ್ತರದ ಗಟ್ಟಿಗೆ ನೂರು ನೂರೈವತ್ತು ವೋಲ್ಟು ಕೊಟ್ಟರೆ ಅದು ಬೆಳೆಯುವುದು ಸಾವಿರದಲ್ಲಿ ಒಂದು ಪಾಲು. ಮಿಲ್ಲಿಮೀಟರಿನ 40ರಲ್ಲಿ ಒಂದು. ಕೂದಲಿನ ದಪ್ಪಕ್ಕಿಂತಲೂ ಕಡಿಮೆ. ಆದರೆ ಆ ಕಿಂಚಿತ್ ಬೆಳವಣಿಗೆಯ ಹಿಂದೆ ಕ್ವಿಂಟಲುಗಟ್ಟಲೆ ಭಾರ ನೂಕುವ ಬಲ ಉಂಟು. ಕಣ್ಣು ಮಿಟುಕಿಸುವುದರೊಳಗೆ ನೂರಾರು ಸಲ ಬೆಳೆದು ಕುಗ್ಗಬಲ್ಲದು.

ಇನ್ನು ಜೋಡಣೆ. ಯಂತ್ರದ ಕಾಲಡಿ ಹರಳಿನ ಗಟ್ಟಿ, ಅದರ ಮೇಲೆ ಒಂದು ಲೋಹದ ತುಂಡು, ಅದರ ಮೇಲೆ ರಬ್ಬರು, ಎಲ್ಲಕ್ಕೂ ಮೇಲೆ ಸೂಕ್ಷ್ಮದರ್ಶಕ. ಲೋಹದ ತುಂಡಿನಲ್ಲಿ ನಡುಕ ತಿಳಿಯುವ ಸಾಧನ. ನೆಲ ಮೇಲೆ ಎದ್ದರೆ ಅದು ಸುದ್ದಿ ಕೊಡುತ್ತದೆ, ನಿಯಂತ್ರಕ ಹರಳನ್ನು ಅಷ್ಟೇ ಕುಗ್ಗಿಸುತ್ತದೆ. ನೆಲ ಕುಸಿದರೆ ಹರಳು ಬೆಳೆಯುತ್ತದೆ. ದೋಣಿಯಲ್ಲಿ ನಿಂತು ತುಂಬಿದ ಕೊಡ ಹಿಡಿದವನು ಮೊಣಕಾಲು ಬಗ್ಗಿಸಿ ನೆಟ್ಟಗೆ ಮಾಡಿ ನೀರು ಚೆಲ್ಲದ ಹಾಗೆ ನೋಡಿಕೊಳ್ಳುತ್ತಾನಲ್ಲ, ಅದೇ.

ಹಾಗಾದರೆ ಮೇಲೆ ಮತ್ತೆ ರಬ್ಬರು ಯಾಕೆ ಅಂತ ನಾನು ಕೇಳಿದೆ. ನನಗೆ ಅದೇ ಮುಖ್ಯ! ನಿಧಾನದ ನಡುಕವನ್ನು ಹರಳು ನೋಡಿಕೊಳ್ಳುತ್ತದೆ. ಬಹಳ ವೇಗದ್ದನ್ನು ಲೆಕ್ಕ ಹಾಕಿ ಎದುರಿಸುವಷ್ಟರಲ್ಲಿ ಸಮಯ ತಪ್ಪುತ್ತದೆ, ಸಮಯ ತಪ್ಪಿದರೆ ತಡೆಯುವ ಬದಲು ಉಯ್ಯಾಲೆಯನ್ನು ಇನ್ನೂ ನೂಕಿದ ಹಾಗೆ. ಆ ವೇಗದ ಪಾಲನ್ನು ರಬ್ಬರು ಯಾವ ಕರೆಂಟೂ ಇಲ್ಲದೆ ತಡೆಯುತ್ತದೆ. ಮತ್ತೆ, ಪಿಂಗಾಣಿಯಂಥ ಹರಳು ಒತ್ತಿದರೆ ತಾಳುತ್ತದೆ, ಎಳೆದರೆ, ಓರೆಯಾಗಿ ತಿರುಚಿದರೆ ಸೀಳುತ್ತದೆ. ರಬ್ಬರು ಅದಕ್ಕೆ ರಕ್ಷಣೆ. ಒಬ್ಬರ ಕೈಯಲ್ಲಿ ಆಗದ್ದನ್ನು ಇನ್ನೊಬ್ಬರು ಮಾಡುವುದು.

ನಮ್ಮ ಪಂಪಿಗೆ ಇದು ಬೇಕೇ? ಬೇಡ. ಬೆಲೆಯ ಮಾತು ಬಿಡಿ, ಡೀಸೆಲ್ ಎಂಜಿನ್ ಒಂದು ಮಿಲ್ಲಿ ಕುಪ್ಪಳಿಸಿದರೆ ಹರಳಿನ ಓಟ ಅದರ ಹತ್ತಿರಕ್ಕೂ ಬರುವುದಿಲ್ಲ.

ತೋಟದಲ್ಲಿ

ಊರಿಗೆ ಬಂದು 3 ಎಚ್‌ಪಿ ಮೊನೊಬ್ಲಾಕಿಗೆ ಇದೇ ಕ್ರಮ ಮಾಡಿದೆ. ಕೆಲವು ಮಾತು ಹೇಳಬೇಕು. ಮೊದಲು ಪಂಪಿನ ಒಳಗಿನ ಕಾಯಿಲೆ ನೋಡಿ. ಬೇರಿಂಗು ಸವೆದು, ಶಾಫ್ಟು ಬಾಗಿ, ಇಂಪೆಲ್ಲರಿನಲ್ಲಿ ಕಸ ಸಿಕ್ಕಿ ಅದುರುವ ಪಂಪಿಗೆ ರಬ್ಬರು ಹಾಕುವುದು ಜ್ವರಕ್ಕೆ ಕಂಬಳಿ ಹೊದೆಸಿದ ಹಾಗೆ. ಮೋಟರು ಪಂಪು ಬೇರೆ ಬೇರೆ ಇದ್ದು ಬೆಲ್ಟು, ಕಪ್ಲಿಂಗು ಇರುವಲ್ಲಿ ಎರಡನ್ನೂ ಒಂದೇ ಚಾನೆಲ್ಲಿಗೆ ಬಿಗಿದು ಆ ಚಾನೆಲ್ಲಿನ ಅಡಿಗೆ ರಬ್ಬರು ಕೊಡಬೇಕು. ಬಾವಿಗೆ ಇಳಿದ ಸಕ್ಷನ್ ಪೈಪಿನ ಭಾರ ಪಂಪಿನ ಮೇಲೆ ಬೀಳಬಾರದು, ಪೈಪಿಗೆ ಬೇರೆ ಆಧಾರ ಕೊಡಿ. ಸಕ್ಷನ್ ಕಡೆಗೆ ಸುರುಳಿ ತಂತಿ ಇರುವ ಗಟ್ಟಿ ಹೋಸೇ ಆಗಬೇಕು, ಇಲ್ಲದಿದ್ದರೆ ಎಳೆತಕ್ಕೆ ಚಪ್ಪಟೆ ಆಗುತ್ತದೆ. ಸಬ್‌ಮರ್ಸಿಬಲ್ ಇದ್ದವರಿಗೆ ಈ ತಲೆನೋವೇ ಇಲ್ಲ.

ಮನೆಯಲ್ಲಿ ಹಾಳೆ ಹಾಳೆ ರಬ್ಬರ್ ಶೀಟು ಉಂಟು, ಅದನ್ನೇ ಮಡಚಿ ಇಡಬಹುದಲ್ಲ ಅಂತ ನೆರೆಯವರೊಬ್ಬರು ಕೇಳಿದರು. ಆಗುವುದಿಲ್ಲ. ಹೊಗೆ ಹಾಕಿದ ಶೀಟು ಗಂಧಕ ಸೇರಿಸಿ ಬೇಯಿಸದ ಹಸಿ ರಬ್ಬರು. ಭಾರಕ್ಕೆ ದಿನದಿನ ಹರಿದು ಚಪ್ಪಟೆ ಆಗುತ್ತದೆ, ಸೆಕೆಗೆ ಅಂಟಾಗುತ್ತದೆ. ಹಳೆ ಟಯರಿನ ತುಂಡು ತೀರಾ ಗಟ್ಟಿ, ಒಳಗೆ ನಾರು, ತಂತಿ ಬೇರೆ. ಡೀಸೆಲ್, ಆಯಿಲ್ ಬೀಳುವಲ್ಲಿ ಸಹಜ ರಬ್ಬರು ಉಬ್ಬಿ ಮೆತ್ತಗಾಗಿ ಹಾಳಾಗುತ್ತದೆ. ರಬ್ಬರ್ ಬೆಳೆಗಾರನಾಗಿ ಹೇಳಲು ಬೇಸರವೇ, ಆದರೆ ಅಲ್ಲಿ ನಿಯೋಪ್ರೀನೋ ನೈಟ್ರೈಲೋ ತನ್ನಿ.

ಪಂಪು ಅದುರಿದರೆ ಬೇರಿಂಗು ಹೋಗುತ್ತದೆ, ಹೊಸದು ಸಿಗುತ್ತದೆ. ವೀಡ್ ಕಟ್ಟರ್ ಹಿಡಿದ ಕೈ ಹಾಗಲ್ಲ. ಅದರ ಎಂಜಿನ್ ಆರೇಳು ಸಾವಿರ ಆರ್‌ಪಿಎಂ, ಸೆಕೆಂಡಿಗೆ ನೂರಕ್ಕೂ ಮಿಕ್ಕಿ. ಇಷ್ಟು ವೇಗದ ಅದುರಿಗೆ ಸಣ್ಣ ರಬ್ಬರೇ ಧಾರಾಳ. ಎಂಜಿನ್ನಿಗೂ ದಂಡಕ್ಕೂ ನಡುವೆ, ಹಿಡಿಯ ಬುಡದಲ್ಲಿ ಅದನ್ನು ಇಟ್ಟೇ ಇರುತ್ತಾರೆ. ಎರಡು ಮಳೆಗಾಲ ಕಳೆದಾಗ ಆ ರಬ್ಬರು ಪೆಟ್ರೋಲು ಕುಡಿದು, ಬಿಸಿಗೆ ಬಿರಿದು ಹೋಗಿರುತ್ತದೆ. ಯಂತ್ರ ಓಡುತ್ತದೆ, ಆದ್ದರಿಂದ ಯಾರೂ ನೋಡುವುದಿಲ್ಲ. ಹಿಡಿದವರ ಬೆರಳು ಮೊದಲು ಜುಮ್ಮೆನ್ನುತ್ತದೆ, ಆಮೇಲೆ ಚಳಿಯ ಬೆಳಿಗ್ಗೆ ಬೆರಳ ತುದಿ ಬಿಳಿಚಿ ಮರಗಟ್ಟುತ್ತದೆ. ವರ್ಷಗಟ್ಟಲೆ ಹೀಗೇ ಮುಂದುವರಿದರೆ ಅಂಗಿಯ ಗುಂಡಿ ಹಾಕಲೂ ಆಗದ ಸ್ಥಿತಿ ಬರುತ್ತದೆ, ಆಮೇಲೆ ಪೂರ್ತಿ ಗುಣವಾಗುವುದು ಕಷ್ಟ. ಮರ ಕೊಯ್ಯುವ ಚೈನ್ ಸಾ ಹಿಡಿದವರಲ್ಲಿ ಇದು ಎಷ್ಟು ಕಂಡಿತೆಂದರೆ 1960ರ ದಶಕದಲ್ಲೇ ಆ ಯಂತ್ರದ ಹಿಡಿಗೆ ರಬ್ಬರು ಬಂತು. 2002ರಲ್ಲಿ ಯುರೋಪಿನ ಒಕ್ಕೂಟ ಕೈಗೆ ತಾಗುವ ಅದುರಿಗೆ ಕಾನೂನಿನ ಮಿತಿಯನ್ನೇ ಹಾಕಿತು. ಆ ಲೆಕ್ಕದಲ್ಲಿ ಗಮನಿಸಬೇಕಾದ್ದು ಇದು: ಅದುರು ಎರಡು ಪಟ್ಟಾದರೆ ಕೆಲಸದ ಹೊತ್ತು ಅರ್ಧ ಮಾಡಿದರೆ ಸಾಲದು, ಕಾಲು ಭಾಗ ಮಾಡಬೇಕು. ರಬ್ಬರು ಸರಿ ಇದ್ದಾಗ ನಾಲ್ಕು ಗಂಟೆ ಹಿಡಿಯಬಹುದಾದ ಯಂತ್ರವನ್ನು, ಬಿರಿದ ಮೇಲೆ ಅದುರು ಇಮ್ಮಡಿಯಾದರೆ ಒಂದೇ ಗಂಟೆ.

ನಮ್ಮಲ್ಲಿಗೆ ಹುಲ್ಲು ಹೊಡೆಯಲು ಬರುವ ಹುಡುಗ ದಿನಕ್ಕೆ ಆರು ಗಂಟೆ ಹಿಡಿಯುತ್ತಾನೆ. ಸಂಜೆ ಚಾದ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದ. ಅವನ ಯಂತ್ರ ಬಿಚ್ಚಿ ನೋಡಿದಾಗ ನಾಲ್ಕು ರಬ್ಬರಿನಲ್ಲಿ ಎರಡು ತುಂಡಾಗಿದ್ದವು, ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿತ್ತು. ಹೊಸ ರಬ್ಬರು ಹಾಕಿಸಲು ನಾನೂರು ರೂಪಾಯಿಯ ಒಳಗೆ ಆಯಿತು. ಬ್ಲೇಡು ಸಮ ಇಲ್ಲದಿದ್ದರೂ ಅದುರು ಹೆಚ್ಚುತ್ತದೆ, ಅದನ್ನೂ ಬದಲಾಯಿಸಿದೆವು. ಈಗ ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ಕೈ ಉಜ್ಜಿಕೊಳ್ಳುತ್ತಾನೆ. ನಿಮ್ಮ ತೋಟದ ಯಂತ್ರವನ್ನು ಪರೀಕ್ಷಿಸಲು ಬಿಚ್ಚಬೇಕೆಂದೂ ಇಲ್ಲ. ಎಂಜಿನ್ ನಿಲ್ಲಿಸಿ, ಒಂದು ಕೈಯಲ್ಲಿ ದಂಡ, ಇನ್ನೊಂದರಲ್ಲಿ ಹಿಡಿ ಹಿಡಿದು ತುಸು ತಿರುಚಿ ನೋಡಿ. ಮೆತ್ತಗೆ ಮಣಿದು ತಾನಾಗಿ ವಾಪಸು ಬಂದರೆ ರಬ್ಬರು ಸರಿ ಉಂಟು. ಕಟಕ್ ಎಂದರೆ, ಅಥವಾ ಸ್ವಲ್ಪವೂ ಮಣಿಯದಿದ್ದರೆ, ಬದಲಾಯಿಸಿ.